ಹಳೇ ಫ್ಲಿಪ್ ಫೋನ್ ತಗೋಳೋ ಮುಂಚೆ ಏನೇನ್ ನೋಡ್ಬೇಕು, ತಗೊಂಡ್ಮೇಲೆ ಹೆಂಗ್ ಇಟ್ಕೋಬೇಕು

ನಮ್ಮಪ್ಪಂಗೆ ಟಚ್ ಫೋನ್ ಆಗ್ಬರಲ್ಲ ಕಣ್ರೀ. ಕಬ್ಬಿನ ಗದ್ದೆಲಿ ಕಾಲ್ ಬಂದ್ರೆ ಬೆವರಿದ ಬೆರಳಲ್ಲಿ ಉಜ್ಜಿ ಉಜ್ಜಿ ಕಟ್ ಮಾಡ್ಬಿಡ್ತಾರೆ, ಇಲ್ಲಾಂದ್ರೆ ಜೇಬಲ್ಲಿದ್ದಂಗೇ ಅದು ಯಾರ್ಗೋ ಕಾಲ್ ಮಾಡ್ಬಿಟ್ಟಿರುತ್ತೆ. ಅದಕ್ಕೇ ಮಡಚೋ ಫೋನ್ ಕೊಡ್ಸೋಣ ಅಂತ ಮೋಟೊರೋಲಾ ರೇಜರ್ ವಿ3 ಹುಡುಕಿದೆ. 2004ರಲ್ಲಿ ಬಂದಿದ್ದು, ಮಡಚಿದಾಗ ದಪ್ಪ 13.9 ಮಿಲಿಮೀಟರ್, ತೂಕ 95 ಗ್ರಾಂ ಅಷ್ಟೇ, ಅಂಗಿ ಜೇಬಲ್ಲಿ ಇದ್ಯೋ ಇಲ್ವೋ ಗೊತ್ತಾಗಲ್ಲ. ಅಪ್ಪ ನೋಡಿದ ತಕ್ಷಣ "ಇದೇನ್ಲಾ ಮಗ, ಸುಣ್ಣದ್ ಡಬ್ಬಿ ಇದ್ದಂಗೈತಲ್ಲ" ಅಂದ್ರು. ಅವತ್ತಿಂದ ಅದರ ಹೆಸರೇ ಸುಣ್ಣದ ಡಬ್ಬಿ.

ತಗೋಳೋಕೆ ಹೋದಾಗ ಮೊದ್ಲು ಕೀಲು ನೋಡಿ. ಮುಚ್ಚಳ ಮತ್ತೆ ಕೆಳಗಿನ ಭಾಗದ ಮಧ್ಯೆ ಒಂದು ತೆಳು ಪಟ್ಟಿ ಹೋಗಿರುತ್ತೆ, ರಿಪೇರಿಯವ್ರು ಫ್ಲೆಕ್ಸ್ ಅಂತಾರೆ, ಸ್ಕ್ರೀನಿಗೂ ಕಿವಿ ಹತ್ರದ ಸ್ಪೀಕರಿಗೂ ಎಲ್ಲಾ ಅದರಲ್ಲೇ ಹೋಗೋದು, ತೆಗ್ದು ಮುಚ್ಚಿ ತೆಗ್ದು ಮುಚ್ಚಿ ವರ್ಷಗಟ್ಟಲೆ ಮಡಚಿ ಅದೇ ಮೊದ್ಲು ಬಿರುಕು ಬಿಡೋದು. ಫೋನ್ ಆನ್ ಮಾಡಿ, ನಿಧಾನಕ್ಕೆ ಒಂದಿಪ್ಪತ್ತು ಸಲ ತೆಗ್ದು ಮುಚ್ಚಿ, ಅರ್ಧಕ್ಕೆ ನಿಲ್ಸಿ ನೋಡಿ. ಯಾವ್ದಾದ್ರೂ ಒಂದು ಕೋನದಲ್ಲಿ ಸ್ಕ್ರೀನ್ ಬೆಳ್ಳಗಾದ್ರೆ, ಗೆರೆ ಬಂದ್ರೆ ಬಿಟ್ಬಿಡಿ. ಆಮೇಲೆ ಒಂದು ಕಾಲ್ ಮಾಡಿ ಮಾತಾಡ್ತಾ ಮುಚ್ಚಳ ಸ್ವಲ್ಪ ಅಲ್ಲಾಡ್ಸಿ, ಧ್ವನಿ ಕಡಿದು ಕಡಿದು ಬಂದ್ರೂ ಅದೇ ರೋಗ.

ನಾನು ಇದನ್ನ ಮಾಡದೇ ಕೆಟ್ಟೆ. ಮೈಸೂರಲ್ಲಿ ಒಂದು ಅಂಗಡಿಲಿ, ಅವ್ನು ಫೋನ್ ತೆಗ್ದೇ ಕೈಗಿಟ್ಟ, ಸ್ಕ್ರೀನ್ ಚೆನ್ನಾಗಿತ್ತು, ದುಡ್ಡು ಕೊಟ್ಟು ಮಂಡ್ಯ ಬಸ್ ಹತ್ತಿದೆ, ಶ್ರೀರಂಗಪಟ್ಟಣ ಬರೋ ಹೊತ್ತಿಗೆ ಇನ್ನೊಂದ್ಸಲ ತೆಗ್ದು ನೋಡ್ತೀನಿ, ಹಾಲಿನ ಥರ ಬಿಳೀ. ಮಾರನೇ ದಿನ ವಾಪಸ್ ಹೋದ್ರೆ "ಇದನ್ನ ಜಾಸ್ತಿ ಓಪನ್ ಮಾಡ್ಬಾರ್ದು ಸಾರ್" ಅಂತಾನೆ. ಮಡಚೋ ಫೋನ್ ಓಪನ್ ಮಾಡ್ದೇ ಹೆಂಗ್ರೀ ಮಾತಾಡೋದು! ಈಗ ಅಪ್ಪನ ಹತ್ರ ಇರೋದು ಎರಡನೇ ಪೀಸು.

ಇನ್ನೆರಡು ಚೆಕ್ ಇದೆ. ಬ್ಯಾಟರಿ ಬಿಚ್ಚಿ ಮೇಜಿನ ಮೇಲಿಟ್ಟು ಬುಗುರಿ ಥರ ತಿರುಗ್ಸಿ, ಸುತ್ತಿದ್ರೆ ಊದ್ಕೊಂಡಿದೆ ಅಂತ ಲೆಕ್ಕ. ಒರಿಜಿನಲ್ಲು ಹಿಡಿಯೋ ಚಾರ್ಜು 680 ಎಂಎಎಚ್, ಅದಕ್ಕೆ ಎರಡರಷ್ಟು ಮೂರರಷ್ಟು ಬರ್ದಿರೋ ಹೊಸ ಬ್ಯಾಟರಿ ಕೊಡ್ತೀನಿ ಅಂದ್ರೆ ನಕ್ಕು ಸುಮ್ನಾಗಿ, ಅಷ್ಟೇ ಸೈಜಲ್ಲಿ ಅಷ್ಟೊಂದು ಹಿಡಿಯಲ್ಲ. ಆಮೇಲೆ *#06# ಒತ್ತಿದ್ರೆ ಐಎಂಇಐ, ಅಂದ್ರೆ ಆ ಫೋನಿನ ಗುರುತಿನ ನಂಬರ್ ಬರುತ್ತೆ, ಕೆವೈಎಂ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಜಾಗ ಬಿಟ್ಟು ಆ ನಂಬರ್ ಹಾಕಿ 14422ಗೆ ಮೆಸೇಜ್ ಕಳ್ಸಿ, ಬ್ಲಾಕ್ ಆಗಿರೋ ಕದ್ದ ಮಾಲಾದ್ರೆ ಗೊತ್ತಾಗುತ್ತೆ. ಫೋನ್ ಯಾವ್ದೋ ಕೋಡ್ ಕೇಳಿದ್ರೆ 1234 ಹಾಕಿ, ಸೆಕ್ಯುರಿಟಿ ಕೋಡ್ ಅಂದ್ರೆ ಆರು ಸೊನ್ನೆ, ಹಿಂದಿನವ್ರು ಬದ್ಲಾಯ್ಸಿಲ್ದಿದ್ರೆ ನಡಿಯುತ್ತೆ.

ಸಿಮ್ ವಿಷ್ಯಕ್ಕೆ ಬನ್ನಿ, ಸುಮಾರ್ ಜನ ಎಡವೋದೇ ಇಲ್ಲಿ. ಇದು ಬರೀ 2ಜಿ ಫೋನ್, ಅಂದ್ರೆ ಹಳೇ ಕಾಲದ ನೆಟ್ವರ್ಕಲ್ಲಿ ಮಾತ್ರ ಓಡೋದು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಆ ಸಿಮ್ ಹಾಕಿದ್ರೆ ಸಿಗ್ನಲ್ ಬರಲ್ಲ. ಏರ್ಟೆಲ್, ವಿಐ, ಬಿಎಸ್ಸೆನ್ನೆಲ್ ಓಕೆ, ಆದ್ರೆ ನಿಮ್ಮ ಮನೆ ಹತ್ರ, ಗದ್ದೆ ಹತ್ರ 2ಜಿ ಕಡ್ಡಿ ಎಷ್ಟು ಬರುತ್ತೆ ಅಂತ ಮೊದ್ಲು ನೋಡ್ಕೊಳಿ. ಹೊಸ ಸಿಮ್ ಜೊತೆ ಬರೋ ಪ್ಲಾಸ್ಟಿಕ್ ಚೌಕಟ್ಟು ಬಿಸಾಕ್ಬೇಡಿ, ಇದಕ್ಕೆ ಹಳೇ ದೊಡ್ಡ ಸೈಜೇ ಬೇಕು. ನ್ಯಾನೋ ಸಿಮ್ ಆದ್ರೆ ಆ ಚೌಕಟ್ಟು ಇಲ್ಲಾ ಅಡಾಪ್ಟರ್ ಒಳಗಿಟ್ಟು ಹಿಂದ್ಗಡೆ ತೆಳ್ಳಗೆ ಟೇಪ್ ಹಚ್ಚಿ, ಇಲ್ಲಾಂದ್ರೆ ತೆಗೀವಾಗ ಒಳಗಿನ ಪಿನ್ನಿಗೆ ಸಿಕ್ಕಾಕೊಂಡು ಪಿನ್ನೇ ಕಿತ್ಕೊಂಡು ಬರುತ್ತೆ. ಮತ್ತೆ ಫೋನ್‌ಪೇ ಗೂಗಲ್‌ಪೇ ಇರೋ ನಂಬರ್ ಇದಕ್ಕೆ ಹಾಕಕ್ಕೆ ಹೋಗ್ಬೇಡಿ, ಆ ಆ್ಯಪ್‌ಗಳಿಗೆ ಸಿಮ್ ಅದೇ ಫೋನಲ್ಲೇ ಇರ್ಬೇಕು. ರೀಚಾರ್ಜ್ ಮಾಡುವಾಗ ಡೇಟಾ ಇಲ್ಲದ ಪ್ಲಾನ್ ಕೇಳಿ, ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರೋ ಪ್ಲಾನ್ ಇಡ್ಲೇಬೇಕು ಅಂತ 2024ರ ಡಿಸೆಂಬರಲ್ಲಿ ಫೋನ್ ಕಂಪ್ನಿಗಳನ್ನ ನೋಡ್ಕೊಳೋ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ಮಾಡಿದೆ, ಅಂಗಡಿಯವ್ರು ತಾವಾಗೇ ಹೇಳಲ್ಲ.

ಸೆಟ್ಟಿಂಗ್ ಅಂತ ದೊಡ್ಡದೇನಿಲ್ಲ. ಕಾಂಟ್ಯಾಕ್ಟಲ್ಲಿ ಸ್ಪೀಡ್ ನಂಬರ್ 2 ಅಮ್ಮಂದು, 3 ನಂದು ಅಂತ ಮಾಡಿದೀನಿ, ಆ ಕೀ ಒತ್ತಿ ಹಿಡ್ಕೊಂಡ್ರೆ ಕಾಲ್ ಹೋಗುತ್ತೆ. ಕನ್ನಡ ಮೆಸೇಜ್ ಬಂದ್ರೆ ಬರೀ ಡಬ್ಬಿ ಡಬ್ಬಿ ಕಾಣುತ್ತೆ, ಮೆಸೇಜ್ ಜಾಗ ತುಂಬಿದ್ರೆ ಹೊಸದು ಒಳಗೆ ಬರಲ್ಲ, ವಾರಕ್ಕೊಂದ್ಸಲ ಕೂತು ಅಳಿಸ್ಬೇಕು. ಚಾರ್ಜಿಂಗ್ ಮಿನಿ ಯುಎಸ್‌ಬಿ, ಈಗಿನ ಕೇಬಲ್ ಹಿಡಿಯಲ್ಲ, ಕೆಲವು ಚಾರ್ಜರ್ ಹಾಕಿದ್ರೆ ಇದು ನಂದಲ್ಲ ಅಂತ ಮುನಿಸ್ಕೊಳುತ್ತೆ ಬೇರೆ, ಹಾಗಾಗಿ ಫೋನ್ ಜೊತೆ ಚಾರ್ಜರೂ ಕೇಳಿ ಇಸ್ಕೊಳಿ. ಕ್ಯಾಮೆರಾ, ಇಂಟರ್ನೆಟ್ಟು ಇದಾವೆ ಅನ್ನೋದನ್ನ ಮರ್ತುಬಿಡಿ.

ಕೀಪ್ಯಾಡ್ ಮಾತ್ರ ಇಷ್ಟ ಆಯ್ತು. ಒಂದೇ ಲೋಹದ ತಗಡಲ್ಲಿ ಕೊರೆದಿರೋದು, ಆಲೆಮನೇಲಿ ಬೆಲ್ಲದ ಕೈಯಲ್ಲೇ ಒತ್ತಿರ್ತಾರೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಯ್ತು. ಆದ್ರೆ ಹೆಚ್ಚೂಕಮ್ಮಿ ಚಪ್ಪಟೆ, ಕತ್ಲಲ್ಲಿ ನೀಲಿ ಲೈಟ್ ಬರೋದ್ರಿಂದ ಪರ್ವಾಗಿಲ್ಲ, ನೋಡ್ದೇ ಬೆರಳಲ್ಲೇ ಮುಟ್ಟಿ ಡಯಲ್ ಮಾಡೋರಿಗೆ ಕಷ್ಟ. ಮುಚ್ಚಳ ಟಪ್ ಅಂತ ಮುಚ್ಚಿದ್ರೆ ಕಾಲ್ ಕಟ್, ನಮ್ಮಪ್ಪ ಸಿಟ್ಟು ಬಂದಾಗ ಸ್ವಲ್ಪ ಜೋರಾಗೇ ಮುಚ್ತಾರೆ, ಪಾಪ ಆ ಫ್ಲೆಕ್ಸ್ ಎಷ್ಟು ದಿನ ಬಾಳುತ್ತೋ.

ದೊಡ್ಡ ಕೊರತೆ ಅಂದ್ರೆ ಟಾರ್ಚ್ ಇಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಡೋ ಊರಲ್ಲಿ ಮೋಟ್ರು ಹಾಕಕ್ಕೆ ಹೋಗೋನಿಗೆ ಟಾರ್ಚ್ ಇಲ್ಲದ ಫೋನ್ ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ ನನ್ ಹತ್ರ ಉತ್ರ ಇರ್ಲಿಲ್ಲ, ಬೇರೆ ಟಾರ್ಚೇ ತಂದ್ಕೊಟ್ಟೆ. ರೇಡಿಯೋನೂ ಇಲ್ಲ ಇದ್ರಲ್ಲಿ! 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ಮನೇಲಿ ರೇಡಿಯೋ ಸ್ಟೇಷನ್ ಶುರು ಮಾಡಿ, ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಮೈಸೂರಿಂದ ಕೂಗಳತೆ ದೂರದಲ್ಲಿದ್ಕೊಂಡು ರೇಡಿಯೋ ಇಲ್ಲದ ಫೋನು. ಅಪ್ಪ ಹಳೇ ಟ್ರಾನ್ಸಿಸ್ಟರ್ ಪಕ್ಕದಲ್ಲೇ ಈ ಫೋನ್ ಇಡ್ತಾರೆ. 2ಜಿ ಫೋನಿಗೆ ಕಾಲ್ ಬರೋ ಮುಂಚೆ ಹತ್ರ ಇರೋ ಸ್ಪೀಕರ್ ಟಕ್ಕ ಟಕ್ಕ ಗುರ್ ಅನ್ನುತ್ತಲ್ಲ, ಅದು ಕೇಳಿದ ತಕ್ಷಣ ಕನ್ನಡಕ ಹುಡುಕೋಕೆ ಶುರು ಮಾಡ್ತಾರೆ, ರಿಂಗ್ ಆಗೋ ಹೊತ್ತಿಗೆ ಸುಣ್ಣದ ಡಬ್ಬಿ ತೆಗ್ದು ಕಿವಿ ಹತ್ರ ಇಟ್ಕೊಂಡು "ಯಾರ್ಲಾ ಅದು" ಅಂತ ಕೇಳ್ತಾ ಕೂತಿರ್ತಾರೆ.