ಫೈಬರ್ ದೋಣಿಯ ಹಿಂಬದಿ ಹಲಗೆ ಕೊಳೆತಾಗ

ಬೀದರಿನ ಕಾರಂಜಾ ಹಿನ್ನೀರಿನಲ್ಲಿ ಓಡಿಸುವ ಹಳೆ ಫೈಬರ್ ದೋಣಿ. ಮೋಟಾರ್ ವೇಗ ಹೆಚ್ಚಿಸಿದರೆ, ಅದನ್ನು ಕೂರಿಸಿದ ಹಿಂಬದಿ ಹಲಗೆ ಬಾಗುತ್ತಿತ್ತು. ಬಡಿದರೆ ಮಂಕು ಸದ್ದು, ಬೋಲ್ಟ್ ತೂತುಗಳಿಂದ ಕಂದು ನೀರು. ಅಂದರೆ ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಕೊಳೆತಿದೆ.

ತೂತಿಗೆ ಸಿಲಿಕೋನ್ ತುಂಬಿದ್ದು ಸುಮ್ನೆ ದಂಡ. ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಸುರಿದರೂ ಒದ್ದೆ ಮರ ಹೀರಲಿಲ್ಲ.

ಕೊನೆಗೆ ಒಳಗಿನ ಫೈಬರ್ ಪದರವನ್ನು ಮಾತ್ರ ಗ್ರೈಂಡರ್‌ನಲ್ಲಿ ಕತ್ತರಿಸಿದೆ. ಹೊರಪದರ ಮುಟ್ಟಲಿಲ್ಲ, ಆಕಾರ ಉಳಿಯಬೇಕಲ್ವಾ. (ಮಾಸ್ಕ್ ಇಲ್ಲದೆ ಈ ಧೂಳಿಗೆ ಹೋಗಬೇಡಿ.) ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ, ಪೂರ್ತಿ ಒಣಗಿಸಿ, ಉಜ್ಜಿದೆ. ಹಳೆ ದಪ್ಪ 36 ಮಿ.ಮೀ. ಇತ್ತು. ಅದಕ್ಕೆ ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಡೆಯುವ ಮರೀನ್ ಪ್ಲೈವುಡ್, 12 ಮಿ.ಮೀ.ಯ 3 ಹಾಳೆ. ಮೊದಲು ಎಲ್ಲ ಮುಖ, ಅಂಚುಗಳಿಗೆ ತೆಳು ಎಪಾಕ್ಸಿ. ಅದು ಅಂಟಂಟಾಗಿರುವಾಗಲೇ ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ಹಚ್ಚಿ, ಕ್ಲಾಂಪ್ ಹಾಕಿದೆ. ಕ್ಲಾಂಪ್ ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆಯೇ, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಲಸಿ. ಮೂಲೆಗಳನ್ನು ದುಂಡಗೆ ತುಂಬಿ, ಮೇಲೆ 3 ಪದರ ಗ್ಲಾಸ್ ಬಟ್ಟೆ ಹಾಕಿದೆ.

ಮೋಟಾರ್ ಕೂರಿಸುವ 12 ಮಿ.ಮೀ. ಬೋಲ್ಟ್‌ಗೆ 18ರ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ 12ರಲ್ಲಿ ಮತ್ತೆ ಕೊರೆಯಿರಿ. ಆಗ ನೀರು ಮರಕ್ಕೆ ತಾಗುವುದೇ ಇಲ್ಲ.