ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ: ಓವರ್‌ಡ್ರೈವ್ ಬಟನ್ ಅರ್ಥವಾದ ಬಗೆ

ಅಮೆರಿಕದ ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ 1,600 ಮೀಟರ್ ಎತ್ತರದಿಂದ 3,400 ಮೀಟರ್ ಎತ್ತರಕ್ಕೆ ಹತ್ತಬೇಕು. ಸಿಲ್ವರ್ ಪ್ಲೂಮ್ ಊರು ದಾಟಿದ ಮೇಲೆ ಐಸೆನ್‌ಹೋವರ್ ಸುರಂಗದ ತನಕ ಏರು ಬಿಡುವುದೇ ಇಲ್ಲ. ನನ್ನ 1998ರ ಟೊಯೋಟಾ ಫೋರ್‌ರನ್ನರ್ ನನ್ನನ್ನು ಹೆದರಿಸಿದ್ದು ಅಲ್ಲೇ.

ಆಕ್ಸಿಲರೇಟರ್ ಮೇಲೆ ಕಾಲು ಅಲ್ಲಾಡುತ್ತಿರಲಿಲ್ಲ. ಆದರೂ ಎಂಜಿನ್ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಗಾಡಿ ಸಣ್ಣಗೆ ಜಗ್ಗುತ್ತಿತ್ತು. ಒಂದು ಗ್ಯಾರೇಜಿಗೆ ತೋರಿಸಿದೆ. "ಟ್ರಾನ್ಸ್‌ಮಿಷನ್ ಸ್ಲಿಪ್ ಆಗ್ತಿದೆ, ಇಳಿಸಿ ಬಿಚ್ಚಬೇಕು" ಅಂದರು. ಅವರು ಹೇಳಿದ ದುಡ್ಡು ನಾನು ಗಾಡಿಗೆ ಕೊಟ್ಟಿದ್ದರಲ್ಲಿ ಅರ್ಧ. ಗೇರ್‌ಬಾಕ್ಸಿನ ಎಣ್ಣೆ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿದೆ. ಎಣ್ಣೆ ಕೆಂಪಗೇ ಇತ್ತು, ಸುಟ್ಟ ವಾಸನೆ ಇರಲಿಲ್ಲ. ದುಡ್ಡು ಕೊಡುವ ಮೊದಲು ನಾನೇ ಒಮ್ಮೆ ಸರಿಯಾಗಿ ನೋಡಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಆರೋರಾದಿಂದ ಪೂರ್ವಕ್ಕೆ, ಬಯಲಿನ ಕಡೆ ಹೊರಟೆವು. ರಸ್ತೆ ಚಪ್ಪಟೆ. ಹೆಂಡತಿ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಳು. ಜಿಪಿಎಸ್ ನೋಡಿಕೊಂಡು ವೇಗವನ್ನು ಗಂಟೆಗೆ 65 ಮೈಲಿಗೆ ನಿಲ್ಲಿಸಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆ ಅಂತ ತೋರಿಸುವ ಟ್ಯಾಕೋಮೀಟರ್ ಮುಳ್ಳು ಸುಮಾರು 2,000ದಲ್ಲಿ ನಿಂತಿತು. ಬಲಗಾಲು ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ನೆ ಸೋಕಿಸಿದೆ. ಹಿಂದಿನ ಲೈಟು ಹೊತ್ತಿಕೊಳ್ಳುವಷ್ಟು, ಅಷ್ಟೇ.

"ರೀ, 2,300 ಆಯ್ತು."

ಕಾಲು ತೆಗೆದೆ. ಸ್ವಲ್ಪ ಹೊತ್ತಿಗೆ ಮುಳ್ಳು ಮತ್ತೆ 2,000ಕ್ಕೆ ಬಂತು. ಆಮೇಲೆ ಗೇರ್ ಲಿವರ್‌ನಲ್ಲಿರುವ, ನಾಲ್ಕನೇ ಗೇರನ್ನು ತಡೆಯುವ ಓವರ್‌ಡ್ರೈವ್ ಬಟನ್ ಒತ್ತಿದೆ. ಈ ಸಲ ಮುಳ್ಳು ಒಂದೇ ಏಟಿಗೆ 2,700 ದಾಟಿತು. ಎರಡನ್ನೂ ಹತ್ತು ಹತ್ತು ಸಲ ಮಾಡಿದೆವು. ಪ್ರತಿ ಸಲವೂ ಮುಳ್ಳು ಅದದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಜಾರುವ ಗೇರ್‌ಬಾಕ್ಸ್ ಹೀಗೆ ಲೆಕ್ಕ ಇಟ್ಟುಕೊಂಡು ನಿಲ್ಲುವುದಿಲ್ಲ, ಅಲ್ವಾ?

ಈ ಗಾಡಿಯಲ್ಲಿರುವುದು ಎ340ಎಫ್ ಎನ್ನುವ ನಾಲ್ಕು ಗೇರಿನ ಆಟೋಮ್ಯಾಟಿಕ್. ಮೂರನೇ ಗೇರು ನೇರ, ಎಂಜಿನ್ನಿನ ಒಂದು ಸುತ್ತಿಗೆ ಶಾಫ್ಟಿನದೂ ಒಂದು ಸುತ್ತು. ನಾಲ್ಕನೆಯದೇ ಓವರ್‌ಡ್ರೈವ್. ಅದರಲ್ಲಿ ಎಂಜಿನ್ ಸುತ್ತುವುದಕ್ಕಿಂತ ಹೊರಗೆ ಹೋಗುವ ಶಾಫ್ಟ್ ಜಾಸ್ತಿ ಸುತ್ತುತ್ತದೆ. ಇದಲ್ಲದೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನಲ್ಲಿ ಲಾಕ್-ಅಪ್ ಕ್ಲಚ್ ಇದೆ. ಎಂಜಿನ್ನಿನ ಬಲ ಸಾಮಾನ್ಯವಾಗಿ ಎಣ್ಣೆಯ ಮೂಲಕ ದಾಟುತ್ತದೆ, ಹಾಗಾಗಿ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ. ಲಾಕ್-ಅಪ್ ಬಿದ್ದಾಗ ಎಂಜಿನ್ನೂ ಗೇರ್‌ಬಾಕ್ಸೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಓಡಿಸುವವರಿಗೆ ಇದು ಐದನೇ ಗೇರು ಬಿದ್ದ ಹಾಗೆ ಅನ್ನಿಸುತ್ತದೆ. ಬ್ರೇಕ್ ಸೋಕಿಸಿದರೆ ಲಾಕ್-ಅಪ್ ಮಾತ್ರ ಬಿಡುತ್ತದೆ, ಗೇರು ಬದಲಾಗುವುದಿಲ್ಲ. 300ರ ಜಿಗಿತ ಅಂದರೆ ಲಾಕ್-ಅಪ್, 700ರ ಜಿಗಿತ ಅಂದರೆ ಗೇರು. ಈ ಎರಡನ್ನು ಬೇರೆ ಬೇರೆ ಗುರುತಿಸಲು ಕಲಿತ ದಿನವೇ ನನ್ನ ಅರ್ಧ ಚಿಂತೆ ಹೋಯಿತು.

ಹಾಗಾದರೆ ಏರಿನಲ್ಲಿ ಇಷ್ಟೊಂದು ಅದಲುಬದಲು ಯಾಕೆ? ನಾನು ಹಾಕಿಸಿದ್ದ ದೊಡ್ಡ ಟೈರು ಒಂದು ಕಾರಣ. 265/70 ಆರ್16 ತೆಗೆದು 285/75 ಆರ್16 ಹಾಕಿಸಿದ್ದೆ. ವ್ಯಾಸ ಸುಮಾರು 7% ಜಾಸ್ತಿ. ಅಂದರೆ ಪ್ರತಿ ಗೇರೂ ಅಷ್ಟು ಉದ್ದವಾಯಿತು. ಇನ್ನೊಂದು ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 183 ಅಶ್ವಶಕ್ತಿ ಕೊಡುವ 3.4 ಲೀಟರ್ ವಿ6, ಆ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕಳೆದುಕೊಂಡಿರುತ್ತದೆ. ಇಷ್ಟೂ ಸಾಲದು ಅಂತ ನಾನು ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ಹಾಕಿಕೊಂಡಿರುತ್ತಿದ್ದೆ. ವೇಗ ಸ್ವಲ್ಪ ಬಿದ್ದರೆ ಅದೇ ಓವರ್‌ಡ್ರೈವ್ ಬಿಡಿಸುತ್ತದೆ, ವೇಗ ಮರಳಿದರೆ ಮತ್ತೆ ಕೊಡುತ್ತದೆ. ನಾಲ್ಕರಲ್ಲಿ ಬಲ ಸಾಲದು, ಮೂರಕ್ಕೆ ಬಂದರೆ ವೇಗ ಸಿಗುತ್ತದೆ, ಸಿಕ್ಕ ಕೂಡಲೇ ಮತ್ತೆ ನಾಲ್ಕು. ಲಾಕ್-ಅಪ್ ಬಿಟ್ಟಾಗಲೆಲ್ಲ ಎಣ್ಣೆ ಬಿಸಿಯಾಗುತ್ತದೆ. ಗೇರ್‌ಬಾಕ್ಸಿಗೆ ನಿಜವಾದ ಶತ್ರು ಆ ಬಿಸಿ.

ಬಟನ್ ಬಗ್ಗೆ ಒಂದು ಮಾತು ಹೇಳಲೇಬೇಕು, ತುಂಬಾ ಜನ ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಓ/ಡಿ ಆಫ್ ದೀಪ ಉರಿಯುತ್ತಿದ್ದರೆ ಓವರ್‌ಡ್ರೈವ್ ಇಲ್ಲ ಅಂತ ಅರ್ಥ. ಗಾಡಿ ಮೂರನೇ ಗೇರಿನ ಆಚೆ ಹೋಗುವುದಿಲ್ಲ. ಗಾಡಿಗೆ ಹೆಚ್ಚು ಶಕ್ತಿ ಕೊಡುವ ಬಟನ್ ಅಲ್ಲ ಅದು, ನಾಲ್ಕನೇ ಗೇರಿಗೆ ಹಾಕುವ ಅಗಳಿ. ಜನವರಿ ಚಳಿಯಲ್ಲಿ ಬೆಳಿಗ್ಗೆ ಹೊರಟಾಗ ದೀಪ ಇಲ್ಲದಿದ್ದರೂ ನಾಲ್ಕನೆಯದು ಬೀಳದೇ ಇರಬಹುದು. ಎಂಜಿನ್ ಬಿಸಿಯಾಗುವ ತನಕ ಕಂಪ್ಯೂಟರೇ ತಡೆದಿರುತ್ತದೆ. ಅದಕ್ಕೂ ಗಾಬರಿ ಬೇಡ.

ಟಾರು ಬಿಟ್ಟು ಕಲ್ಲಿಗೆ ಇಳಿದ ಮೇಲೆ ಕಲಿತದ್ದು ಬೇರೆ. ಲೆಡ್‌ವಿಲ್ ಕಡೆಯಿಂದ ಮಸ್ಕೀಟೊ ಪಾಸ್ ಹತ್ತಿದ್ದೆವು. ನೆತ್ತಿ 4,019 ಮೀಟರ್. ಆಚೆ ಬದಿ ಇಳಿಯುವಾಗ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಬಲ ಕೊಡುವ ಗೇರು) ಹಾಕಿ, ಲಿವರನ್ನು ಮಾಮೂಲು ಓಡಿಸುವ ಡಿಯಲ್ಲೇ ಬಿಟ್ಟು, ಓ/ಡಿ ಆಫ್ ಒತ್ತಿದೆ. ಹೆದ್ದಾರಿಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದಲ್ಲ, ಇಲ್ಲೂ ಹಿಡಿಯುತ್ತದೆ ಅಂದುಕೊಂಡೆ. ಗಾಡಿ ಉರುಳುತ್ತಲೇ ಹೋಯಿತು. ಬ್ರೇಕ್ ವಾಸನೆ ಒಳಗೆ ಬಂತು. ಡಿಯಲ್ಲಿ ಮೊದಲ ಎರಡು ಗೇರುಗಳು ಒನ್-ವೇ ಕ್ಲಚ್ ಮೇಲೆ ನಿಂತಿರುತ್ತವೆ, ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಎಂಜಿನ್ ಚಕ್ರವನ್ನು ತಳ್ಳುತ್ತದೆ, ಆದರೆ ಚಕ್ರಕ್ಕೆ ಎಂಜಿನ್ನನ್ನು ತಿರುಗಿಸಲು ಆಗುವುದಿಲ್ಲ. ಅಂಥ ನಿಧಾನದಲ್ಲಿ ಮೂರು ನಾಲ್ಕನೇ ಗೇರಿನ ಮಾತೇ ಬರುವುದಿಲ್ಲ, ಬಟನ್ನಿಗೆ ಅಲ್ಲಿ ಕೆಲಸವೇ ಇಲ್ಲ. ನಿಲ್ಲಿಸಿ, ಬ್ರೇಕ್ ಆರಲು ಬಿಟ್ಟು, ಲಿವರನ್ನು ಎಲ್‌ಗೆ, ಅಂದರೆ ಮೊದಲ ಗೇರಿಗೆ, ಎಳೆದೆ. ಗೇರ್‌ಬಾಕ್ಸಿನ ಒಳಗಿನ ಇನ್ನೊಂದು ಬ್ರೇಕ್ ಹಿಡಿದು ಮೊದಲ ಗೇರನ್ನು ಎರಡೂ ದಿಕ್ಕಿಗೆ ಬಿಗಿ ಮಾಡಿತು. ಚಕ್ರ ಒಂದು ಸುತ್ತು ಬರಲು ಎಂಜಿನ್ ಹತ್ತಿರ ಹತ್ತಿರ 30 ಸುತ್ತು ಬರಬೇಕು. ಗಾಡಿ ಮನುಷ್ಯ ನಡೆಯುವ ವೇಗಕ್ಕೆ ಬಂತು. ಅಪ್ಪ ಶಿರಾಡಿ ಘಾಟಿಯಲ್ಲಿ ಜೀಪು ಓಡಿಸುವಾಗ "ಹತ್ತಿದ ಗೇರಲ್ಲೇ ಇಳೀಬೇಕು" ಅನ್ನುತ್ತಿದ್ದರು. ಆಟೋಮ್ಯಾಟಿಕ್‌ನಲ್ಲಿ ಆ ಗೇರನ್ನು ನಾವೇ ಕೈಯಿಂದ ಹಾಕಬೇಕು.

ಗೇರ್‌ಬಾಕ್ಸ್ ಬಿಚ್ಚಿಸಲಿಲ್ಲ. ಈಗ ಸಿಲ್ವರ್ ಪ್ಲೂಮ್ ಬರುವ ಮೊದಲೇ ಕ್ರೂಸ್ ತೆಗೆದು, ಬಟನ್ ಒತ್ತಿ ದೀಪ ಹೊತ್ತಿಸುತ್ತೇನೆ. ಸುರಂಗದ ತನಕ ಎಂಜಿನ್ ಒಂದೇ ರಾಗದಲ್ಲಿ ಹಾಡುತ್ತದೆ. ಆಚೆ ಬದಿಯ ಇಳಿಜಾರಿನಲ್ಲೂ ದೀಪ ಹಾಗೇ ಉರಿಯುತ್ತಿರುತ್ತದೆ, ಮೂರನೇ ಗೇರು ಗಾಡಿಯನ್ನು ಹಿಡಿದಿರುತ್ತದೆ. ಸಿಲ್ವರ್‌ಥಾರ್ನ್‌ನ ಮನೆಗಳು ಕಂಡು ರಸ್ತೆ ಚಪ್ಪಟೆಯಾದ ಮೇಲೆ ಮತ್ತೆ ಒತ್ತುತ್ತೇನೆ. ಮುಳ್ಳು ಒಮ್ಮೆ ಇಳಿಯುತ್ತದೆ, ಆಮೇಲೆ ಇನ್ನೊಂದು ಚೂರು.

"ಲಾಕ್ ಆಯ್ತು ರೀ" ಅನ್ನುತ್ತಾಳೆ ಹೆಂಡತಿ, ಮುಳ್ಳು ನೋಡದೆ.