ಪೆರ್ನ್‌ಕಾಫ್ ಅಟ್ಲಾಸ್ ಮುಂದಿಟ್ಟು ವೈದ್ಯಕೀಯ ನೀತಿ ಪಾಠ

ಎಂಬಿಬಿಎಸ್ ಮೊದಲ ವರ್ಷದ ಏಟ್‌ಕಾಮ್‌ನಲ್ಲಿ (ಮನೋಭಾವ, ನೀತಿ, ಸಂವಹನ ಕಲಿಸುವ ಪಠ್ಯಭಾಗ) ಶವವನ್ನು ಮೊದಲ ಗುರುವೆಂದು ಪರಿಚಯಿಸುವ ಪಾಠವಿದೆ. ಅದನ್ನು ನಾನು ಪೆರ್ನ್‌ಕಾಫ್ ಅಟ್ಲಾಸ್ ಎಂಬ, ವಿಯೆನ್ನಾದಲ್ಲಿ ತಯಾರಾದ ಮಾನವ ಅಂಗರಚನೆಯ ಚಿತ್ರಸಂಪುಟ ಇಟ್ಟುಕೊಂಡೇ ಮಾಡುತ್ತೇನೆ. ಚಿತ್ರ ತೋರಿಸಿ, ಮೆಚ್ಚುಗೆ ಬಂದ ಮೇಲೆ ‘ಇದು ನಾಜಿಗಳದ್ದು’ ಎಂದು ಬೆಚ್ಚಿಬೀಳಿಸುವ ಕ್ರಮ ಬೇಡ. ವಿದ್ಯಾರ್ಥಿಗಳ ಗಮನ ತಮ್ಮ ಆಘಾತದಲ್ಲೇ ಉಳಿದುಬಿಡುತ್ತದೆ, ಸತ್ತವರತ್ತ ಹೋಗುವುದೇ ಇಲ್ಲ. ದೇಹ ಎಲ್ಲಿಂದ ಬಂತೆಂಬುದು ಮೊದಲು, ಚಿತ್ರ ಆಮೇಲೆ.

ಹಿನ್ನೆಲೆಗೆ ಇಪ್ಪತ್ತು ನಿಮಿಷ ಸಾಕು. ಈ ಅಟ್ಲಾಸ್ ಮಾಡಿಸಿದ, ನಾಜಿ ಪಕ್ಷದವನಾದ ಎಡುವರ್ಡ್ ಪೆರ್ನ್‌ಕಾಫ್ 1938ರಲ್ಲಿ ವಿಯೆನ್ನಾದ ವೈದ್ಯಕೀಯ ವಿಭಾಗಕ್ಕೆ ಡೀನ್ ಆದ. ವಿಶ್ವವಿದ್ಯಾಲಯ 1998ರಲ್ಲಿ ಮುಗಿಸಿದ ತನಿಖೆಯ ಪ್ರಕಾರ, ನಾಜಿ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದ ಕನಿಷ್ಠ 1,377 ಜನರ ಶವಗಳು ಅಲ್ಲಿನ ಅಂಗರಚನಾ ಸಂಸ್ಥೆಗೆ ಬಂದಿದ್ದವು. ಅಟ್ಲಾಸಿನ ಹಲವು ಚಿತ್ರಗಳಿಗೆ ಇಂಥ ಶವಗಳೇ ಆಧಾರವಾಗಿರುವ ಸಾಧ್ಯತೆಯಿದೆ.

ಬಳಿಕ ಒಂದೇ ಚಿತ್ರ. ಮುಖ ಕಾಣುವ ಪುಟ ಬೇಡ, ಕೈಯ ನರಗಳ ಪುಟ ಸಾಕು. ಜೊತೆಗೆ ಕಲಾವಿದ ಎರಿಕ್ ಲೆಪಿಯರ್‌ನ ಸಹಿಯನ್ನು ದೊಡ್ಡದು ಮಾಡಿ ಎರಡು ಪ್ರತಿ ಇಡಿ. ಹಳೆಯ ಮುದ್ರಣದಲ್ಲಿ ಹೆಸರಿನ ಕೊನೆಯ ‘ಆರ್’ ನಾಜಿ ಸ್ವಸ್ತಿಕವಾಗಿ ಚಾಚಿಕೊಂಡಿದೆ. ಮುಂದಿನ ಮುದ್ರಣಗಳಲ್ಲಿ ಅದನ್ನು ಅಳಿಸಿದ್ದಾರೆ. ಅಳಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ಚರ್ಚೆ ತಾನಾಗಿ ಬಿಸಿಯೇರುತ್ತದೆ. ಮೊಬೈಲ್‌ಗಳು ಮಾತ್ರ ಹೊರಗಿರಲಿ.

ಬಳಸಬೇಕೋ ಬೇಡವೋ ಎಂದು ಎರಡು ಬಣ ಮಾಡಿದರೆ ಪಾಠ ಕೆಡುತ್ತದೆ, ಗೆಲ್ಲುವುದೇ ಮುಖ್ಯವಾಗುತ್ತದೆ. ಅದರ ಬದಲು ಒಂದು ನಿಜ ಸಂದರ್ಭ ಕೊಡಿ: ಅಮೆರಿಕದ ನರ ಶಸ್ತ್ರವೈದ್ಯೆ ಸೂಸನ್ ಮೆಕಿನನ್, ಆಪರೇಷನ್ ನಡುವೆ ನರ ಸಿಗದೆ ಇದೇ ಅಟ್ಲಾಸಿನ ಮೊರೆಹೋದದ್ದು. ನೀವಾದರೆ ರೋಗಿಗೆ ಏನು ಹೇಳುತ್ತೀರಿ? ಮಾತಿಗೆ ಮುನ್ನ ಪ್ರತಿಯೊಬ್ಬರೂ ಐದು ಸಾಲು ಬರೆಯಲಿ. ಇಲ್ಲವಾದರೆ ಗಟ್ಟಿ ದನಿಯವರದೇ ಉತ್ತರವಾಗುತ್ತದೆ. ಬರೆದಾದ ಮೇಲೆ, ನಾಜಿ ಕಾಲದ ಇಂಥ ದೇಹಾವಶೇಷ, ಚಿತ್ರಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ 2017ರ ವಿಯೆನ್ನಾ ಪ್ರೋಟೋಕಾಲ್ ಓದಿಸುತ್ತೇನೆ. ಮೂಲವನ್ನು ಮುಚ್ಚಿಡದೆ ತಿಳಿಸಿದರೆ ಜೀವ ಉಳಿಸಲು ಚಿತ್ರ ಬಳಸಬಹುದೆಂಬುದು ಅದರಲ್ಲಿ ಯಹೂದಿ ಧರ್ಮಗುರು (ರಬ್ಬಿ) ಜೋಸೆಫ್ ಪೋಲಕ್ ಅವರು ಕೊಟ್ಟ ತೀರ್ಪು.

‘ಅವರು ಕ್ರೂರಿಗಳು, ನಾವಲ್ಲ’ ಎಂದು ಮುಗಿಸಲು ಬಿಡಬಾರದು. ನಮ್ಮ ಡಿಸೆಕ್ಷನ್ ಹಾಲಿನ ಟೇಬಲ್ ಮೇಲಿರುವವರು ಯಾರು? ದೇಹದಾನಿಯೋ, ವಾರಸುದಾರರಿಲ್ಲದ ಶವವೋ? ಎರಡನೆಯದಕ್ಕೂ 1957ರ ಕರ್ನಾಟಕ ಅಂಗರಚನಾ ಅಧಿನಿಯಮದಲ್ಲಿ ಅವಕಾಶವಿದೆ. ಅದು ಕೊಲೆಯಲ್ಲ, ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಆದರೆ ಒಪ್ಪಿಗೆ ಕೊಟ್ಟವರಾರು ಎಂಬ ಪ್ರಶ್ನೆ ಇಲ್ಲೂ ಉಳಿಯುತ್ತದೆ, ಅದಕ್ಕೇ ಅರ್ಧ ಗಂಟೆ ಮೀಸಲಿಡಿ.

ಲೈಬ್ರರಿಯಲ್ಲಿ ಅಟ್ಲಾಸ್ ಇದ್ದರೆ ತೆಗೆಸಬೇಡಿ. ಮೊದಲ ಪುಟಕ್ಕೆ ಮೂಲದ ವಿವರ ಅಂಟಿಸಿ, ರೆಫರೆನ್ಸ್ ವಿಭಾಗದಲ್ಲಿಡಿ.